ಬಿಳೀ ಮಳೆ ಬೀಳುವ ಊರು

ಮೇಣ ಹಚ್ಚಿದ ದಪ್ಪ ಬಟ್ಟೆಯ ವಾಸನೆ ಬಸ್ಸಿನ ಬಾಗಿಲಲ್ಲೇ ಮೂಗಿಗೆ ತಾಕಿತು. ಕೆಳಗಿನ ಮೆಟ್ಟಿಲಿಗೆ ಒಂದು ಕಾಲಿಟ್ಟಿದ್ದ ಶ್ಯಾಮಲಮ್ಮ ಇನ್ನೊಂದು ಕಾಲನ್ನು ನೆಲಕ್ಕಿಡುವುದನ್ನು ಮರೆತು ನಿಂತಳು. ಅವಳ ಅಪ್ಪ ಮುಳಬಾಗಿಲಿನಲ್ಲಿ ಅಂಚೆ ಹಂಚುತ್ತಿದ್ದವರು. ಮಳೆಯ ದಿನಗಳಲ್ಲಿ ಟಪಾಲಿನ ಚೀಲಕ್ಕೆ ಹೊದಿಸುವ ಮೇಣದ ಬಟ್ಟೆಯೊಳಗೇ ಮಗಳನ್ನೂ ಸೇರಿಸಿಕೊಂಡು ಶಾಲೆಯವರೆಗೆ ನಡೆಸಿಕೊಂಡು ಹೋಗುತ್ತಿದ್ದರು. ಒಳಗೆ ಕತ್ತಲೆ, ಬೆಚ್ಚಗೆ, ಈ ವಾಸನೆ, ಮುಂದೆ ಎಲ್ಲಿ ಕಾಲಿಡಬೇಕೆಂದು ಹೇಳುವ ಅಪ್ಪನ ದನಿ.

"ಇಳೀರಿ ಮೇಡಂ, ನಂಗಲಿ ಇದೇ," ಎಂದ ಕಂಡಕ್ಟರ್.

ಅವಳಿಗೆ ಗೊತ್ತಿತ್ತು. ಏಳು ವರ್ಷ ಇದೇ ಊರಿನ ಶಾಲೆಯಲ್ಲಿ ಹಿಂದಿ ಕಲಿಸಿದವಳು. ವರ್ಗವಾಗಿ ಮುಳಬಾಗಿಲಿಗೆ ಹೋದ ಮೇಲೆ ಎರಡು ವರ್ಷದಲ್ಲಿ ಒಮ್ಮೆಯೂ ಇಲ್ಲಿ ಇಳಿದಿರಲಿಲ್ಲ. ಚಿತ್ತೂರಿನ ನೆಂಟರ ಮನೆಗೆ ಹೋಗುವಾಗ ಬಸ್ಸು ಇಲ್ಲಿ ನಿಂತರೆ, ಕಿಟಕಿಯಾಚೆ ನೋಡುವುದು ಬೇಡವೆಂದು ಕೈಚೀಲದೊಳಗೆ ಏನನ್ನಾದರೂ ಹುಡುಕುತ್ತಿದ್ದಳು.

ಹೆದ್ದಾರಿಯ ಆಚೆ ಬದಿಗೆ ತಾಜುನ್ನೀಸಾಳ ಅಂಗಡಿ. ಲಾರಿಗಳ ಟಾರ್ಪಾಲಿನ್ ಹೊಲಿದುಕೊಡುವ ಅಂಗಡಿ. ಅದಕ್ಕೆ ಇಂದು ಹಲಗೆ ಹಾಕಿತ್ತು. ಮುಂದಿನ ಚಪ್ಪರದಡಿ ಅರ್ಧ ಹೊಲಿದ ಟಾರ್ಪಾಲಿನ್ ಒಂದನ್ನು ಮಡಿಸಿಟ್ಟಿದ್ದರು. ಬಿಸಿಲಿಗೆ ಅದರ ಮೇಣ ಕರಗಿ ವಾಸನೆ ರಸ್ತೆಯವರೆಗೂ ಬರುತ್ತಿತ್ತು. ಅದನ್ನು ಒಯ್ಯಲು ಬಂದಿದ್ದ ಡ್ರೈವರನೊಬ್ಬ, ವಿಷಯ ತಿಳಿದವನು, ತಲೆಗೆ ಸುತ್ತಿದ ಟವೆಲನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ.

ಬೆಳಿಗ್ಗೆ ಶಾಲೆಯ ಗೇಟಿನ ಹತ್ತಿರ ನಂಗಲಿಯಿಂದ ಬರುವ ವಿದ್ಯಾರ್ಥಿನಿಯೊಬ್ಬಳು ಹೇಳಿದ್ದಳು. ನಿನ್ನೆ ಸಂಜೆ ಹೊಲಿಯುತ್ತ ಕೂತಿದ್ದ ಹಾಗೇ ತಾಜಮ್ಮ ಪಕ್ಕಕ್ಕೆ ವಾಲಿದಳಂತೆ. ಎದ್ದೇಳಲಿಲ್ಲವಂತೆ. ಮಧ್ಯಾಹ್ನದ ನಮಾಜಿನ ಹೊತ್ತಿಗೆ ಎತ್ತುತ್ತಾರಂತೆ. ಶ್ಯಾಮಲಮ್ಮ ರಜೆಯ ಚೀಟಿ ಬರೆದು, ಅದನ್ನು ಯಾರ ಕೈಗೆ ಕೊಟ್ಟೆನೆಂಬುದೂ ನೆನಪಿಲ್ಲದ ಹಾಗೆ ಬಸ್ಸು ಹತ್ತಿದ್ದಳು.

ಮುಖ ಮುಚ್ಚುವ ಮೊದಲು ಹೋಗಿ ಸೇರಬೇಕಿತ್ತು. ಈ ಕಡೆಯ ಮುಸ್ಲಿಂ ಹೆಂಗಸರು ತೀರಿಕೊಂಡವರ ಮುಖದ ಹತ್ತಿರ ಬಗ್ಗಿ 'ಕಹಾ ಸುನಾ ಮಾಫ್' ಎನ್ನುವುದನ್ನು ಅವಳು ಕಂಡಿದ್ದಳು. ಆಡಿದ್ದು, ಆಡಿಸಿಕೊಂಡಿದ್ದು, ಎಲ್ಲವನ್ನೂ ಮನ್ನಿಸು ಎಂದು. ಆ ಮೂರು ಮಾತನ್ನು ತಾಜುನ್ನೀಸಾಳಿಗೆ ಹೇಳಬೇಕಾದವಳು ತಾನು ಎಂಬುದು ಶ್ಯಾಮಲಮ್ಮನಿಗೆ ಎರಡೂವರೆ ವರ್ಷದಿಂದ ತಿಳಿದಿತ್ತು. ಬದುಕಿದ್ದಾಗ ಹೇಳಲು ಬಾಯಿ ಬಂದಿರಲಿಲ್ಲ.

ಎರಡು ಲಾರಿಗಳು ಹಾದುಹೋಗಲು ಬಿಟ್ಟು ಅವಳು ರಸ್ತೆ ದಾಟಿದಳು.

*

ಎಂಬತ್ತಾರರಲ್ಲಿ ಪಂಚಾಯಿತಿ ಕಟ್ಟಡಕ್ಕೆ ಟೀವಿ ಬಂದಿತ್ತು. ಅದರ ಜೊತೆಗೆ ಮೂರಾಳೆತ್ತರದ ಕಂಬವೂ, ಕಂಬದ ತುದಿಗೆ ಆಂಟೆನಾವೂ, ಅದನ್ನು ತಿರುಗಿಸಲು ನೀರುಗಂಟಿ ಆಂಜಿನಪ್ಪನೂ ನೇಮಕವಾದರು. ಭಾನುವಾರ ಬೆಳಿಗ್ಗೆ ಮಕ್ಕಳಿಗೆಂದು ಬೊಂಬೆಚಿತ್ರದ ಧಾರಾವಾಹಿ ಬರುತ್ತಿತ್ತು. ಯಾವುದೋ ಚಳಿದೇಶದಲ್ಲಿ ಬರೆದ ಚಿತ್ರಗಳು. ಮಾತು ಮಾತ್ರ ಹಿಂದಿ. ಅದರಲ್ಲಿ ಒಂದು ಕರಡಿ ಮರಿ, ಒಂದು ಕಿವಿ ಹರಿದ ಮೊಲ, ಒಂದು ಮುದಿ ಆಮೆ ಮತ್ತು ಒಂದು ಕಾಗೆ ಒಟ್ಟಿಗೆ ಇರುತ್ತಿದ್ದವು.

ಮೊದಲ ವಾರ ಆ ಕಾಡಿನಲ್ಲಿ ಹಿಮ ಸುರಿಯತೊಡಗಿದಾಗ ಮಕ್ಕಳೆಲ್ಲ ಕಿಟಕಿಗೆ ಓಡಿ, ಚುಕ್ಕೆ ಬರ್ತಾ ಇದೆ, ತಿರುಗಿಸು ಎಂದು ಕೂಗಿದರು. ಆಂಜಿನಪ್ಪ ಕಂಬವನ್ನು ತಬ್ಬಿಕೊಂಡು ಕೋಲಾರದ ಕಡೆಗೆ ತಿರುಗಿಸಿದ, ಮದನಪಲ್ಲಿಯ ಕಡೆಗೆ ತಿರುಗಿಸಿದ. ಚುಕ್ಕೆ ಹೋಗಲಿಲ್ಲ. ಹೋಗಿದ್ದು ಚಿತ್ರ. ಅದು ಮತ್ತೆ ಬರುವ ಹೊತ್ತಿಗೆ ಧಾರಾವಾಹಿ ಮುಗಿದಿತ್ತು.

ನೀರು ಕುಡಿಯಲೆಂದು ಬಂದು ಬಾಗಿಲಲ್ಲಿ ನಿಂತಿದ್ದ ತಾಜುನ್ನೀಸಾ ನಕ್ಕಳು. "ಅದು ಕೆಟ್ಟಿಲ್ಲ ಕಣೋ ಆಂಜಿನಪ್ಪ. ಆ ಊರಲ್ಲಿ ಮಳೆ ಬಿಳೀದು ಬೀಳ್ತದೆ. ಈಗಷ್ಟೇ ಆಮೆ ಹೇಳ್ತು, ನೀನು ಕಿತ್ತು ಹಾಕಿದೆ."

ಮಕ್ಕಳು ಅವಳನ್ನು ಬಿಡಲಿಲ್ಲ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಮಕ್ಕಳು; ಟೀವಿಯ ಮಾತು ಅವರಿಗೆ ಬರೀ ಸದ್ದು. ತಾಜಮ್ಮನ ಮನೆಮಾತಿಗೂ ಅದಕ್ಕೂ ಎಲ್ಲೋ ಒಂದು ನೆಂಟತನವಿತ್ತು. ಮುಂದಿನ ವಾರದಿಂದ ಟೀವಿಯ ಪಕ್ಕದಲ್ಲಿ ಅವಳಿಗೊಂದು ಸ್ಟೂಲು ಖಾಯಂ ಆಯಿತು. ಮಡಿಲಲ್ಲಿ ಟಾರ್ಪಾಲಿನ ತುಂಡು, ಕೈಯಲ್ಲಿ ದಬ್ಬಳ. ಕಣ್ಣು ಪರದೆಯ ಮೇಲೆ. ತೆಲುಗು ಕನ್ನಡ ಬೆರೆಸಿ ಅವಳು ಹೇಳುತ್ತಿದ್ದಳು.

ಜೇನುತುಪ್ಪ ಒಂದೇ ಚಮಚ ಉಳಿದಾಗ ಕರಡಿ ಮರಿ ಹೊಟ್ಟೆ ನೋವೆಂದು ಮಲಗಿ, ಅದನ್ನು ಮೊಲಕ್ಕೆ ಬಿಟ್ಟಿತು. ಮೊಲವೂ ಹೊಟ್ಟೆ ನೋವೆಂದು ಪಕ್ಕದಲ್ಲೇ ಮಲಗಿತು. ಕೊನೆಗೆ ಅದನ್ನು ಇರುವೆಗಳು ತಿಂದವು. ಹೊಳೆ ದಾಟಿಸುವಾಗ ಆಮೆ ಒಬ್ಬೊಬ್ಬರನ್ನೇ ಬೆನ್ನ ಮೇಲೆ ಕೂರಿಸಿಕೊಂಡು ಹೋಗಿ, ಹಾರಬಲ್ಲ ಕಾಗೆಯನ್ನೂ ಕೂರಿಸಿಕೊಂಡಿತು, ಅದಕ್ಕೆ ಬೇಜಾರಾಗಬಾರದೆಂದು. ಇವನ್ನೆಲ್ಲ ಟೀವಿಯೇ ತೋರಿಸುತ್ತಿತ್ತು. ತಾಜುನ್ನೀಸಾ ತಾನಾಗಿ ಸೇರಿಸಿದ್ದು ಒಂದನ್ನು ಮಾತ್ರ.

ಕರಡಿ ಮರಿಯ ಅಮ್ಮ ಮೊದಲ ಕಂತಿನಲ್ಲೇ ಇರಲಿಲ್ಲ. ಎಲ್ಲಿ ಹೋದಳೆಂದು ಯಾರೂ ಹೇಳುತ್ತಿರಲಿಲ್ಲ. ಆದರೆ ತಾಜಮ್ಮನ ಕತೆಯಲ್ಲಿ ಪ್ರತಿ ವಾರ ಕಾಗೆ ಮರಕ್ಕೆ ಬಂದು ಕೂತ ಕೂಡಲೇ ಅಮ್ಮನ ಸಮಾಚಾರ ಬರುತ್ತಿತ್ತು. ನಿನ್ನ ಹಲ್ಲು ಬಿತ್ತಂತೆ, ಬಿದ್ದ ಹಲ್ಲನ್ನು ಎಸೆಯಬೇಡ, ನನಗೆ ನೋಡಬೇಕು ಅಂದಳು. ಹೊಳೆಯಲ್ಲಿ ನೀರು ಜಾಸ್ತಿಯಂತೆ, ಹುಷಾರು ಅಂದಳು. ಆ ಮಾತು ಬರುವ ಹೊತ್ತಿಗೆ ಎರಡನೇ ಸಾಲಿನಲ್ಲಿ ಕೂತ ಹತ್ತು ವರ್ಷದ ಮುತ್ಯಾಲಮ್ಮ ಮೊಣಕಾಲ ಮೇಲೆ ಗದ್ದವಿಟ್ಟು ಅಲುಗಾಡದೆ ಕೇಳುತ್ತಿದ್ದಳು. ಅವಳ ಅಮ್ಮ ಒಂದು ಮಧ್ಯಾಹ್ನ ಲಾರಿಯೊಂದನ್ನು ಹತ್ತಿ ಗಡಿ ದಾಟಿ ಹೋದವಳು ತಿರುಗಿ ಬಂದಿರಲಿಲ್ಲ. ಊರು ಆ ಹೆಂಗಸನ್ನು ಬೈಯುವಾಗ ಈ ಮಗು ಎದುರಿಗಿದೆಯೆಂದು ದನಿ ತಗ್ಗಿಸುತ್ತಿರಲಿಲ್ಲ.

ಶ್ಯಾಮಲಮ್ಮನಿಗೆ ಅದಾವುದೂ ತಿಳಿದಿರಲಿಲ್ಲ. ಮಕ್ಕಳು ಹಿಂದಿ ಕೇಳುತ್ತಿದ್ದಾರೆಂಬ ಸಂತೋಷಕ್ಕೆ ಒಂದು ಭಾನುವಾರ ಬಂದು ಹಿಂದೆ ನಿಂತಳು. ಮೂರನೆಯ ವಾರ ತಡೆಯಲಾರದೆ ಮುಂದೆ ಬಂದಳು.

"ಅವರಮ್ಮ ಏನೂ ಹೇಳಿ ಕಳಿಸಿಲ್ಲ," ಎಂದಳು. "ಆ ಕಾಗೆ ಮಾತೇ ಆಡಲಿಲ್ಲ. ಮಕ್ಕಳಿಗೆ ಯಾಕಮ್ಮ ಸುಳ್ಳು ಹೇಳ್ತೀರಿ? ನಾಳೆ ಪರೀಕ್ಷೆಯಲ್ಲಿ ಹೀಗೇ ಬರೀತಾರೆ."

ತಾಜುನ್ನೀಸಾ ದಬ್ಬಳವನ್ನು ಬಟ್ಟೆಗೆ ಚುಚ್ಚಿ ನಿಲ್ಲಿಸಿದಳು. ಒಮ್ಮೆ ಎರಡನೇ ಸಾಲನ್ನು ನೋಡಿದಳು. ಅಲ್ಲಿಂದ ಮುತ್ಯಾಲಮ್ಮ ಎದ್ದು, ಯಾರನ್ನೂ ತುಳಿಯದ ಹಾಗೆ ಕಾಲೆತ್ತಿ ಕಾಲೆತ್ತಿ ಇಡುತ್ತ ಬಾಗಿಲು ದಾಟಿ ಹೋದಳು.

"ಟೀಚರು ಹೇಳಿದ್ದು ಸರಿ," ಎಂದಷ್ಟೇ ಹೇಳಿ ತಾಜುನ್ನೀಸಾ ಬಟ್ಟೆ ಮಡಿಸಿಕೊಂಡು ಎದ್ದಳು.

ಮುಂದಿನ ಭಾನುವಾರದಿಂದ ಸ್ಟೂಲಿನ ಮೇಲೆ ಶ್ಯಾಮಲಮ್ಮ ಕೂತಳು. ಮಾತಿಗೆ ಮಾತು, ಒಂದೂ ಬಿಡದೆ ಹೇಳಿದಳು. ಮಕ್ಕಳು ಕಡಿಮೆಯಾಗುತ್ತ ಬಂದರು. ಈ ಕರಡಿ ಬರೀ ಪಾಠ ಮಾಡ್ತದೆ ಎಂದು ಒಬ್ಬ ಎದ್ದು ಹೋದ. ತಾಜಮ್ಮನಿಗೆ ಮಾತ್ರ ಊರಿನಲ್ಲಿ ಒಂದು ಹೆಸರು ಉಳಿಯಿತು. ಸುಳ್ಳು ತಾಜಮ್ಮ. ಬಾಡಿಗೆ ಸೈಕಲ್ಲಿನವನಿಂದ ಹಿಡಿದು ಲಾರಿ ಕ್ಲೀನರುಗಳವರೆಗೆ ಎಲ್ಲರೂ ತಮಾಷೆಗೆ ಹಾಗೇ ಕರೆದರು. ಮುತ್ಯಾಲಮ್ಮನ ಮನೆಯ ವಿಷಯವನ್ನು ಸಹೋದ್ಯೋಗಿಯೊಬ್ಬರು ಶ್ಯಾಮಲಮ್ಮನಿಗೆ ಹೇಳುವ ಹೊತ್ತಿಗೆ ಆರು ತಿಂಗಳು ಕಳೆದಿತ್ತು. ಆಗಲೇ ಹೋಗಿ ಹೇಳಬಹುದಿತ್ತು. ಅಂಗಡಿಯವರೆಗೆ ಎರಡು ಸಲ ಹೋದಳು. ಎರಡು ಸಲವೂ ಅಂಗಡಿಯ ಮುಂದೆ ಡ್ರೈವರುಗಳು ನಿಂತಿದ್ದಾರೆಂಬ ನೆಪ ಹಿಡಿದು ಹಿಂದಿರುಗಿದಳು.

*

ಅಂಗಡಿಯ ಹಿಂದೆಯೇ ಮನೆ. ನಡುಮನೆಯ ತುಂಬ ಹೆಂಗಸರು. ಶ್ಯಾಮಲಮ್ಮ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಳು. ಪಕ್ಕದ ಮನೆಯ ದೊಡ್ಡಮುನಿಯಮ್ಮ, ಹಿಪ್ಪುನೇರಳೆ ತೋಟದ ಮುದುಕಿ, ಗೋಡೆಗೆ ಸರಿದು ಜಾಗ ಮಾಡಿಕೊಟ್ಟಳು.

ಬಿಳಿಯ ಬಟ್ಟೆ ತಲೆಯಿಂದ ಕಾಲಿನವರೆಗೆ ಸುತ್ತಾಗಿತ್ತು. ಕಾಲಿನ ಕಡೆ ಗಂಟು ಬಿದ್ದಿತ್ತು. ತಲೆಯ ಕಡೆಯ ತುದಿಯನ್ನು ತಾಜುನ್ನೀಸಾಳ ಚಿಕ್ಕಮ್ಮ ಕೈಯಲ್ಲಿ ಹಿಡಿದಿದ್ದಳು, ಕಟ್ಟುವುದಷ್ಟೇ ಬಾಕಿ. ಪಕ್ಕದಲ್ಲಿ ಮಗಳು ಕರೀಮುನ್ನೀಸಾ, ಕೋಲಾರಕ್ಕೆ ಕೊಟ್ಟವಳು, ಬೆಳಗಿನ ಜಾವದ ಲಾರಿಯಲ್ಲಿ ಬಂದು ಇಳಿದವಳು.

"ಒಂದು ಸಲ ಮುಖ ನೋಡ್ತೀನಿ," ಎಂದಳು ಶ್ಯಾಮಲಮ್ಮ.

ಚಿಕ್ಕಮ್ಮನ ಕೈ ನಿಂತಿತು. ಅವಳು ಕರೀಮುನ್ನೀಸಾಳ ಕಡೆ ನೋಡಿದಳು. ಬಟ್ಟೆಯನ್ನು ಒಂದು ಗೇಣು ಸರಿಸಿದರೆ ಸಾಕೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ಮುಚ್ಚಾಯ್ತು ಟೀಚರ್," ಎಂದಳು ಕರೀಮುನ್ನೀಸಾ. "ನೀವು ತಡ ಮಾಡಿದ್ರಿ."

ಗಂಟು ಬಿತ್ತು.

 ಮುಚ್ಚಿದ ಬಟ್ಟೆಗೆ ಆ ಮೂರು ಮಾತನ್ನು ಹೇಳಬಹುದೋ ಬಾರದೋ, ತನ್ನಂಥವಳು ಹೇಳಬಹುದೋ ಬಾರದೋ ಶ್ಯಾಮಲಮ್ಮನಿಗೆ ತಿಳಿಯಲಿಲ್ಲ. ಬಾಗಿಲಲ್ಲಿ ಗಂಡಸರು ಬಂದು ನಿಂತರು. ಅಳಿಯ ಮುಖ್ತಿಯಾರ್ ಮುಂದೆ ಹೆಗಲು ಕೊಟ್ಟ. ಹಿಂದಿನಿಂದ ನೀರುಗಂಟಿ ಆಂಜಿನಪ್ಪ ಮೆಲ್ಲಗೆ ಬಂದು, ತಾನೂ ಒಂದಷ್ಟು ದೂರ ಹೊರುತ್ತೇನೆಂದು ಕೇಳಿದ. ಯಾರೋ ತಮ್ಮ ಹೆಗಲು ಸರಿಸಿ ಅವನಿಗೆ ಜಾಗ ಕೊಟ್ಟರು. ಹೆಂಗಸರು ಹೊಸ್ತಿಲವರೆಗೆ ಬಂದು ನಿಂತರು. ಹೆದ್ದಾರಿಯಲ್ಲಿ ಲಾರಿಗಳು ಒಂದರ ಹಿಂದೆ ಒಂದು ನಿಂತು, ಹಾರನ್ ಹಾಕದೆ ದಾರಿ ಬಿಟ್ಟವು. ಹಲವು ಲಾರಿಗಳ ಸರಕಿನ ಮೇಲೆ ತಾಜುನ್ನೀಸಾಳ ಕೈಯ ಹೊಲಿಗೆಯೇ ಇತ್ತು.

*

ಗಂಡಸರು ಹೋದ ಮೇಲೆ ಮನೆ ದೊಡ್ಡದಾಯಿತು. ಶ್ಯಾಮಲಮ್ಮ ಬಾಗಿಲ ಪಕ್ಕ ಗೋಡೆಗೊರಗಿ ಕೂತಳು. ಬಸ್ಸಿಗೆ ಇನ್ನೂ ಹೊತ್ತಿತ್ತು. ಬಂದ ಕೆಲಸ ಆಗಿರಲಿಲ್ಲ. ಆಗುವ ದಾರಿಯೂ ಉಳಿದಿರಲಿಲ್ಲ.

ದೊಡ್ಡಮುನಿಯಮ್ಮ ಎಲೆಯಡಿಕೆ ತೆಗೆದು ಮತ್ತೆ ಸೊಂಟಕ್ಕೆ ಸಿಕ್ಕಿಸಿದಳು. ತನಗೆ ತಾನೇ ಎಂಬಂತೆ ಮಾತಾಡಿದಳು. ತಾಜಿಯ ದಬ್ಬಳ ಮುರಿದರೆ ತಾನು ಬೈದು ತಂದುಕೊಡುತ್ತಿದ್ದುದು. ತನ್ನ ರೇಷ್ಮೆಹುಳು ರೋಗ ಬಂದು ಸಾಯುವಾಗ ತಾಜಿ ರಾತ್ರಿಯೆಲ್ಲ ಹುಳುವಿನ ತಟ್ಟೆ ಬದಲಾಯಿಸಿದ್ದು. ಒಬ್ಬ ಡ್ರೈವರನ ಲಾರಿ ನೆನೆಯಬಾರದೆಂದು ಬೇರೊಬ್ಬನ ಟಾರ್ಪಾಲಿನ್ ಹೊದಿಸಿ ಕಳಿಸಿ, ಇಬ್ಬರ ಕೈಲೂ ಬೈಸಿಕೊಂಡಿದ್ದು. ಕೆಲವರು ನಕ್ಕರು. ನಕ್ಕವರು ಸೆರಗಿನಿಂದ ಕಣ್ಣೊರೆಸಿಕೊಂಡರು.

"ಭಾನುವಾರ ಬಂದ್ರೆ ಪಂಚಾಯ್ತಿ ಕಡೆ ಬೆನ್ನು ಹಾಕ್ಕೊಂಡು ಹೊಲಿಯೋಳು," ಎಂದಳು ಕರೀಮುನ್ನೀಸಾ. ಯಾರ ಕಡೆಗೂ ನೋಡಲಿಲ್ಲ. "ನಾನು ಬಂದಾಗೆಲ್ಲ ನೋಡಿದೀನಿ. ಸುಳ್ಳು ತಾಜಮ್ಮ ಅಂತ ನನ್ನ ಗಂಡನ ಎದುರಿಗೇ ಕರೆದ್ರು."

"ನಾನು ಕೊಟ್ಟ ಹೆಸರು ಅದು," ಎಂದಳು ಶ್ಯಾಮಲಮ್ಮ.



"ಪಾಪಂ, ಅವಳಿಗೆ ಕೋಪ ಇರಲಿಲ್ಲಮ್ಮ," ಎಂದಳು ದೊಡ್ಡಮುನಿಯಮ್ಮ. "ನಾನೇ ಕೇಳಿದೆ, ಏನೇ ತಾಜಿ, ಆ ಟೀಚರಮ್ಮ ಅಷ್ಟು ಜನದ ಮುಂದೆ ಅಂದಳಲ್ಲ, ನೀನು ಸುಮ್ನೆ ಬಂದೆಯಲ್ಲ ಅಂತ. ಟೀಚರು ಆ ಪ್ರಾಣಿಗಳು ಬಾಯಲ್ಲಿ ಆಡಿದ್ದನ್ನ ಹೇಳಿದ್ರು ಕಣೇ, ನಾನು ಅವು ಹೊಟ್ಟೇಲಿ ಇಟ್ಕೊಂಡಿದ್ದನ್ನ ಹೇಳ್ತಿದ್ದೆ ಅಂದ್ಳು. ಬೇಜಾರಿತ್ತು. ಕೋಪ ಇರಲಿಲ್ಲ."

ಕರೀಮುನ್ನೀಸಾ ಎದ್ದು ಒಳಕೋಣೆಗೆ ಹೋದಳು. ತಾಯಿಗೆ ಇಲ್ಲದ ಕೋಪ ಮಗಳಿಗೆ ಇತ್ತು. ಅದನ್ನು ಬಿಡೆಂದು ಕೇಳುವ ಹಕ್ಕು ಆ ಮನೆಯಲ್ಲಿ ಯಾರಿಗೂ ಇರಲಿಲ್ಲ, ಶ್ಯಾಮಲಮ್ಮನಿಗಂತೂ ಇರಲಿಲ್ಲ.

ಒಳಕೋಣೆಯ ಬಾಗಿಲ ಹತ್ತಿರ ಲಂಗದಾವಣಿಯ ಹುಡುಗಿಯೊಬ್ಬಳು ಬೆಳಗಿನಿಂದ ಬಂದವರಿಗೆಲ್ಲ ನೀರು ಕೊಡುತ್ತಿದ್ದಳು. ಈಗ ಕೊಡ ಇಳಿಸಿ ಬಂದು ಶ್ಯಾಮಲಮ್ಮನ ಎದುರಿಗೆ ಕೂತಳು. ಗುರುತು ಹತ್ತಲು ಒಂದು ಕ್ಷಣ ಬೇಕಾಯಿತು. ಮುತ್ಯಾಲಮ್ಮ. ಹದಿಮೂರು ತುಂಬಿತ್ತು. ಎರಡು ವರ್ಷದಿಂದ ಶಾಲೆ ಮುಗಿದ ಮೇಲೆ ತಾಜಮ್ಮನ ಅಂಗಡಿಯಲ್ಲೇ ಅಂಚು ಮಡಿಸುತ್ತ ಕೂರುತ್ತಾಳೆಂದು ದೊಡ್ಡಮುನಿಯಮ್ಮ ಹೇಳಿದಳು. ಬೆರಳ ತುದಿಗಳಲ್ಲಿ ಮೇಣ ಕಟ್ಟಿತ್ತು.

"ಟೀಚರ್, ಒಂದು ಕೇಳಬೇಕಿತ್ತು."

"ಕೇಳಮ್ಮ."

"ಆ ಕತೆ ಕೊನೆ ನಾನು ನೋಡಲಿಲ್ಲ. ತಾಜಮ್ಮನೂ ನೋಡಲಿಲ್ಲ. ಕೇಳಿದ್ರೆ, ನೋಡದೇ ಇರೋದನ್ನ ನಾನು ಹೆಂಗೆ ಹೇಳಲಿ, ಟೀಚರು ಪೂರ್ತಿ ನೋಡಿದಾರೆ, ಅವರನ್ನ ಕೇಳು, ಚೆನ್ನಾಗಿ ಹೇಳ್ತಾರೆ ಅಂದ್ಳು. ನನಗೆ ಹೆದರಿಕೆ ಆಯ್ತು. ನೀವು ಹೊರಟುಹೋದ್ರಿ." ಹುಡುಗಿ ಬೆರಳಿನ ಮೇಣವನ್ನು ಉಗುರಿನಿಂದ ಕೆರೆದಳು. "ಕರಡಿಯಮ್ಮ ಬಂದ್ಳಾ?"

ಒಳಕೋಣೆಯಲ್ಲಿ ಪಾತ್ರೆ ಸರಿಸುತ್ತಿದ್ದ ಸದ್ದು ನಿಂತಿತು.

ಶ್ಯಾಮಲಮ್ಮನಿಗೆ ಆ ಕೊನೆಯ ಕಂತು ಚೆನ್ನಾಗಿ ನೆನಪಿತ್ತು. ಪಂಚಾಯಿತಿ ಕಟ್ಟಡದಲ್ಲಿ ಅಂದು ಮೂರೇ ಮಕ್ಕಳಿದ್ದರು. ಪರದೆಯ ತುಂಬ ಹಿಮ. ಒಂದು ಮರದ ಪೊಟರೆಯೊಳಗೆ ಕರಡಿ ಮರಿಯನ್ನು ನಡುವೆ ಹಾಕಿಕೊಂಡು ಮೊಲ ಒಂದು ಕಡೆ, ಆಮೆ ಇನ್ನೊಂದು ಕಡೆ ಮಲಗಿದವು. ಕಾಗೆ ರೆಕ್ಕೆ ಬಿಚ್ಚಿ ಪೊಟರೆಯ ಬಾಯಿಗೆ ಅಡ್ಡ ಕೂತಿತು. ಯಾರೂ ಮಾತಾಡಲಿಲ್ಲ. ಗಾಳಿಯ ಸದ್ದಿನಲ್ಲೇ ಧಾರಾವಾಹಿ ಮುಗಿಯಿತು. ಅಂದು ಸ್ಟೂಲಿನ ಮೇಲೆ ಕೂತು ಮಕ್ಕಳಿಗೆ ಹೇಳಲು ಅವಳಿಗೆ ಒಂದು ಮಾತೂ ಸಿಕ್ಕಿರಲಿಲ್ಲ.

"ಇಲ್ಲ," ಎಂದಳು. "ಬರಲಿಲ್ಲ ಕಣಮ್ಮ."

ಹುಡುಗಿ ತಲೆಯಾಡಿಸಿದಳು. ಅಷ್ಟೇ ಇರಬಹುದೆಂದು ಮೊದಲೇ ಅಂದುಕೊಂಡಿದ್ದವಳ ಹಾಗೆ.

ಶ್ಯಾಮಲಮ್ಮ ಪೊಟರೆಯ ವಿಷಯ ಹೇಳಿದಳು. ಯಾರು ಎಲ್ಲಿ ಮಲಗಿದರು, ಕಾಗೆ ಹೇಗೆ ಕೂತಿತು ಎಲ್ಲ ಹೇಳಿದಳು. ಸುತ್ತಲಿನ ಹೆಂಗಸರೂ ಕೇಳುತ್ತಿದ್ದರು.  ಇಪ್ಪತ್ತೆರಡು ವರ್ಷ ತಪ್ಪಿಗೆ ಕೆಂಪು ಗೆರೆ ಎಳೆದ ಕೈ ಮಡಿಲಲ್ಲಿ ಸೆರಗನ್ನು ಹಿಡಿದುಕೊಂಡಿತ್ತು.

"ಬರಲಿಲ್ಲ," ಎಂದಳು ಮತ್ತೆ. "ಹೇಳಿ ಕಳಿಸಿದ್ಳು."

ಮುತ್ಯಾಲಮ್ಮ ಕೆರೆಯುವುದನ್ನು ನಿಲ್ಲಿಸಿದಳು. "ಯಾರ ಕೈಲಿ?"

"ಕಾಗೆ ಕೈಲಿ."

"ಏನಂತ?"

"ಬಿಳೀ ಮಳೆ ಇನ್ನೂ ಬಹಳ ದಿನ ಬೀಳ್ತದೆ. ಸುತ್ತ ಮಲಗಿದಾರಲ್ಲ, ಅವರ ಮಧ್ಯದಿಂದ ಎದ್ದು ಹೋಗಬೇಡ. ನನ್ನನ್ನ ಹುಡುಕಿಕೊಂಡೂ ಬರಬೇಡ. ನೀನು ಬೆಚ್ಚಗಿದೀಯ ಅಂತ ಕಾಗೆ ಬಂದು ಹೇಳಿದ್ರೆ ನನಗೆ ಸಾಕು, ಅಂತ."

ಅದು ಕಟ್ಟಿ ಹೇಳಿದ ಮಾತೆಂದು ತಿಳಿಯುವ ವಯಸ್ಸು ಮುತ್ಯಾಲಮ್ಮನದು. ಅವಳು ಶ್ಯಾಮಲಮ್ಮನ ಮುಖವನ್ನು ನೋಡಿದಳು. ಆಮೇಲೆ ಮೊಣಕಾಲನ್ನು ಎಳೆದುಕೊಂಡು ಅದರ ಮೇಲೆ ಗದ್ದ ಇಟ್ಟಳು. ದೊಡ್ಡಮುನಿಯಮ್ಮ ಆ ಕಡೆ ತಿರುಗಿ, ಯಾರೂ ಬರದ ಬಾಗಿಲನ್ನು ನೋಡುತ್ತ ಕೂತಳು.

ಗಂಡಸರು ಮಣ್ಣು ಮುಗಿಸಿ ಬಂದರು. ಅಂಗಳದಲ್ಲಿ ಕೈಕಾಲು ತೊಳೆಯುವ ಸದ್ದು ಕೇಳಿತು. ಬಂದಿದ್ದ ಹೆಂಗಸರು ಒಬ್ಬೊಬ್ಬರಾಗಿ ಎದ್ದರು. ಅಂದು ಆ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ದೊಡ್ಡಮುನಿಯಮ್ಮನ ಸೊಸೆ ಅನ್ನದ ತಪ್ಪಲೆಯನ್ನೂ ಹುರುಳಿ ಸಾರನ್ನೂ ತಂದು ಇಳಿಸಿದಳು. ಅದು ಮನೆಯವರಿಗೆ. ಬಂದು ಹೋಗುವವರು ಅದನ್ನು ಕಂಡ ಕೂಡಲೇ ಹೊರಡುವುದು ವಾಡಿಕೆ. ಬಂದವರಲ್ಲಿ ಮುಸ್ಲಿಮರ ಮನೆಯಲ್ಲಿ ಉಣ್ಣದ ಜಾತಿಯ ಶ್ಯಾಮಲಮ್ಮನಂಥವರಿಗೆ ಊಟಕ್ಕೆ ಏಳಿ ಎನ್ನುವುದೂ ವಾಡಿಕೆಯಲ್ಲ. ಒಲ್ಲೆನೆಂದು ಹೇಳುವ ಮುಜುಗರಕ್ಕೆ ಅವರನ್ನು ಸಿಕ್ಕಿಸಬಾರದೆಂದು.

ಅವಳು ಚೀಲ ತೆಗೆದುಕೊಂಡು ಎದ್ದಳು. ಮುಳಬಾಗಿಲಿನ ಬಸ್ಸು ಬರುವ ಹೊತ್ತಾಗಿತ್ತು.

ಕರೀಮುನ್ನೀಸಾ ಹೊರಗೆ ಬಂದು ತಪ್ಪಲೆಯ ಮುಂದೆ ಕೂತಳು. ಅತ್ತು ಊದಿದ ಮುಖ. ಬೆಳಗಿನಿಂದ ನೀರೂ ಕುಡಿದಿರಲಿಲ್ಲ. ಅಮ್ಮನ ಚಿಕ್ಕಮ್ಮನಿಗೆ ಬಡಿಸಿದಳು. ಗಂಡನಿಗೆ ಅಂಗಳಕ್ಕೆ ಕಳಿಸಿದಳು. ಮುತ್ಯಾಲಮ್ಮನ ಮುಂದೆ ಒಂದು ತಟ್ಟೆ ಇಟ್ಟಳು. ಆಮೇಲೆ ಇನ್ನೊಂದು ತಟ್ಟೆಯನ್ನು ಸೆರಗಿನಿಂದ ಒರೆಸಿ, ಅನ್ನ ಹಾಕಿ, ನಡುವೆ ಗುಳಿ ಮಾಡಿ ಸಾರು ಬಿಟ್ಟು, ಎದ್ದು ಬಾಗಿಲವರೆಗೆ ಬಂದಳು. ತಟ್ಟೆಯನ್ನು ಎರಡೂ ಕೈಗಳಿಂದ ಮುಂದೆ ಚಾಚಿ ನಿಂತಳು.

ಹೊರಗೆ ಬಸ್ಸು ನಿಂತ ಸದ್ದಾಯಿತು. ಶ್ಯಾಮಲಮ್ಮ ಚೀಲವನ್ನು ಕೆಳಗಿಟ್ಟು ಕೈ ನೀಡಿದಳು.